ಕೈಪಂಪಿನ ಕಟ್ಟೆ ಮತ್ತು ಕಲೆ
(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವದ ನೆನಪಿಗಾಗಿ ಶಾಲೆಯ ಮುಂಬಾಗಿಲಲ್ಲಿ ಸ್ವಾಗತ ಕಮಾನೊಂದನ್ನು ಕಟ್ಟಿಸಬೇಕೆಂದು ಹಳೆಯ ವಿದ್ಯಾರ್ಥಿಗಳು ಅಪೇಕ್ಷಿಸಿದ್ದಾರೆ. ಅವರ ಅಭಿಮಾನಕ್ಕೆ ನಾವು ಋಣಿಗಳು. ಆದರೆ ಅಡಿಪಾಯ ತೋಡುವ ಮುನ್ನ ಬೇರೊಂದು ಸೀಮೆಯ ವೃತ್ತಾಂತವನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇವೆ.

ಇಂದಿನ ಛತ್ತೀಸಗಢದ ಕೊಂಡಾಗಾಂವ್, ನಮ್ಮ ಅಂಚೆಟ್ಟಿಯಂತೆ ಕಾಡಿನ ಸೆರಗಿನಲ್ಲಿರುವ ಊರು. ಮುಂಬಯಿಯ ಕಲಾವಿದೆ ನವಜೋತ್ ಅಲ್ತಾಫ್ ಅವರು 1997ರಲ್ಲಿ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯ ನೆರವಿನೊಡನೆ ಅಲ್ಲಿ ಕೆಲಸ ಆರಂಭಿಸಿದರು. ಕಲಾವಿದರು ಹಳ್ಳಿಯೊಂದರಲ್ಲಿ ಕೆಲವು ವಾರ ತಂಗಿ, ಏನನ್ನಾದರೂ ರಚಿಸಿ, ಛಾಯಾಚಿತ್ರ ತೆಗೆಸಿಕೊಂಡು ಹಿಂದಿರುಗುವುದು ಇಂಥ ವಾಸ್ತವ್ಯಗಳ ವಾಡಿಕೆ. ಈಕೆ ಮಾತ್ರ ವರ್ಷಗಟ್ಟಲೆ ಮರಳಿ ಮರಳಿ ಹೋದರು. ಅಲ್ಲಿಯವರೇ ಆದ ರಾಜಕುಮಾರ್, ಗೇಸ್ಸುರಾಮ್, ಶಾಂತಿಬಾಯಿ ಮೊದಲಾದ ಕಲಾವಿದರು ಜೊತೆಯಾದರು. ಊರವರೊಡನೆ ಕುಳಿತು ಮಾತನಾಡಿದ ಮೇಲೆ ಅವರು ಕೈಗೆತ್ತಿಕೊಂಡದ್ದು ಚಿತ್ರಶಾಲೆಯನ್ನಲ್ಲ, ಪ್ರತಿಮೆಯನ್ನಲ್ಲ. ನೀರು ಹಿಡಿಯುವ ಕೈಪಂಪಿನ ಸುತ್ತಲ ಜಾಗವನ್ನು.

'ನಲ್ಪಾರ್' ಎಂದು ಹೆಸರಾದ ಆ ರಚನೆಗಳನ್ನು ಕುರಿತು ಓದಿದಾಗ ನಮ್ಮನ್ನು ತಡೆದು ನಿಲ್ಲಿಸಿದ್ದು ಒಂದು ಸಣ್ಣ ಅಂಶ. ತುಂಬಿದ ಬಿಂದಿಗೆಯನ್ನು ನೆಲದಿಂದ ನೇರವಾಗಿ ತಲೆಗೇರಿಸುವುದು ಸೊಂಟಕ್ಕೆ ಎಷ್ಟು ಭಾರವೆಂಬುದನ್ನು ಇಲ್ಲಿ ಕುಳಿತಿರುವ ತಾಯಂದಿರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ಕೊಡವನ್ನು ಮೊದಲು ಇರಿಸಿ, ಬಗ್ಗದೆ ಅಲ್ಲಿಂದ ತಲೆಗೆ ಎತ್ತಿಕೊಳ್ಳುವಂತೆ ಗೋಡೆಯಲ್ಲಿ ಎತ್ತರದ ತಾಣಗಳನ್ನು ಮಾಡಿದರು. ಚೆಲ್ಲಿದ ನೀರು ನಿಂತು ಕೆಸರಾಗದಂತೆ ಹರಿದುಹೋಗಲು ದಾರಿ ಬಿಟ್ಟರು. ಗೋಡೆಗೆ ಆ ಸೀಮೆಯವರಿಗೆ ಅರ್ಥವಾಗುವ ಆಕೃತಿಗಳು ಬಂದವು. ಮಕ್ಕಳಿಗಾಗಿ ಕಟ್ಟಿದ ತಾಣಗಳಿಗೆ 'ಪಿಲ್ಲಾ ಗುಡಿ' ಎಂದು ಹೆಸರಿಟ್ಟರು. ಮಕ್ಕಳ ಗುಡಿ ಎಂದರ್ಥ. ಆ ಹೆಸರಿಗೇ ನಾವು ಮನಸೋತೆವು.

ಇದು ಪಂಚಾಯಿತಿಯ ಗಾರೆ ಕೆಲಸ, ಕಲೆ ಹೇಗಾದೀತು ಎಂದು ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಗುತ್ತಿಗೆಯ ಕಟ್ಟೆಗೆ ಎಲ್ಲ ಊರುಗಳಲ್ಲಿಯೂ ಒಂದೇ ಅಳತೆ. ಇಲ್ಲಿ ಅಳತೆ ನೀರು ಹೊರುವವಳ ಮೈಯಿಂದ ಬಂದದ್ದು. ಸ್ಥಳನಿಷ್ಠ ಕಲೆಯೆಂದು ವಿದ್ವಾಂಸರು ಇಂದು ಕರೆಯುವುದು ನಮ್ಮ ಸೀಮೆಗೆ ಹೊಸದೂ ಅಲ್ಲ. ಕೃಷ್ಣಗಿರಿ ಜಿಲ್ಲೆಯಲ್ಲಿ ಹೇರಳವಾಗಿರುವ ವೀರಗಲ್ಲುಗಳು ಮತ್ತೇನು? ದನಗಳಿಗಾಗಿಯೋ ಊರಿಗಾಗಿಯೋ ಮಡಿದವನ ನೆನಪನ್ನು ಆ ಊರಿನ ಮಣ್ಣಿನಲ್ಲೇ ನೆಟ್ಟ ಕಲ್ಲುಗಳವು. ಬೆಂಗಳೂರೆಂಬ ಹೆಸರನ್ನು ನಮಗೆ ಕಾದಿಟ್ಟಿದ್ದೂ ಬೇಗೂರಿನ ಸುಮಾರು 890ರ ವೀರಗಲ್ಲೇ. ಅಂಥ ಕಲ್ಲನ್ನು ಕಿತ್ತು ವಸ್ತುಸಂಗ್ರಹಾಲಯದಲ್ಲಿಟ್ಟರೆ ಶಿಲ್ಪ ಉಳಿದೀತು, ಅದು ನಿಂತಿದ್ದ ಊರಿನ ಮಾತು ಉಳಿಯದು.

ಒಂದು ಅಳುಕೂ ನಮಗುಂಟು. ಕೊಂಡಾಗಾಂವ್‌ನ ಕೆಲಸ ಎಲ್ಲರದಾದರೂ ನಗರದ ಕಲಾವಲಯದಲ್ಲಿ ಹೆಚ್ಚಾಗಿ ಕೇಳಿಬರುವುದು ನವಜೋತ್ ಅವರ ಹೆಸರೇ. ಇಲ್ಲಿ ಹಾಗಾಗಕೂಡದು.

ನಮ್ಮ ಅಂಗಳದ ಕೈಪಂಪನ್ನು ತಾವೆಲ್ಲರೂ ಬಲ್ಲಿರಿ. ಸುತ್ತಲೂ ಕೆಸರು, ಒಡೆದ ಚಪ್ಪಡಿ, ಬೇಸಿಗೆಯಲ್ಲಿ ಅಕ್ಕಪಕ್ಕದ ಮನೆಗಳವರಿಗೂ ಅದೇ ಆಧಾರ. ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿರುವ ಕನ್ನಡ ಶಾಲೆ ನಮ್ಮದು. ಕಮಾನನ್ನು ಬಸ್ಸಿನಲ್ಲಿ ಹೋಗುವವರು ನೋಡಿಯಾರು. ಮಗುವನ್ನು ಯಾವ ಶಾಲೆಗೆ ಸೇರಿಸಬೇಕೆಂದು ನಿರ್ಧರಿಸುವ ತಾಯಿ ದಿನವೂ ಬಂದು ನಿಲ್ಲುವುದು ಪಂಪಿನ ಬಳಿ. ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಅದೇ ಕಲಾ ಸಂಸ್ಥೆಯ 'ಕಲಿ-ಕಲಿಸು' ಯೋಜನೆಯ ಆಸರೆಯಿದೆ. ಗಡಿಯ ಈಚೆಗಿರುವ ನಾವು ನಮ್ಮ ಹಳೆಯ ವಿದ್ಯಾರ್ಥಿಗಳನ್ನಲ್ಲದೆ ಇನ್ನಾರನ್ನು ಕೇಳೋಣ?

ನಮ್ಮ ವಿನಂತಿ ಇಷ್ಟು. ಒಬ್ಬ ಕಲಾವಿದರನ್ನೋ ಕಲಾವಿದೆಯನ್ನೋ ಒಂದು ಅವಧಿಯ ಮಟ್ಟಿಗೆ ಕರೆಸೋಣ. ಖಾಲಿಯಿರುವ ಹಿಂದಿನ ಕೊಠಡಿಯಲ್ಲಿ ಅವರು ತಂಗಲಿ. ಏನು ಕಟ್ಟಬೇಕೆಂಬುದನ್ನು ತಾಯಂದಿರೂ ಮಕ್ಕಳೂ ಅಡುಗೆಯವರೂ ಹೇಳಲಿ. ಗೋಡೆಯಲ್ಲಿ ಹೆಸರು ಬರೆಯುವುದಾದರೆ ಗಾರೆಯವರ ಹೆಸರೂ ಇರಲಿ, ದಾನಿಗಳ ಹೆಸರಿನಷ್ಟೇ ಗಾತ್ರದ ಅಕ್ಷರಗಳಲ್ಲಿ. ಪಂಪು ಕೆಟ್ಟಾಗ ರಿಪೇರಿಗೆಂದು ಹಣದಲ್ಲಿ ಒಂದು ಪಾಲನ್ನು ಈಗಲೇ ತೆಗೆದಿಡೋಣ.

ಬರುವ ಶನಿವಾರ ಮಧ್ಯಾಹ್ನ ಪಂಪಿನ ಬಳಿಯಲ್ಲೇ ಸಭೆ ಕರೆದಿದ್ದೇವೆ. ತಾಯಂದಿರು ತಾವು ದಿನವೂ ಹೊರುವ ಬಿಂದಿಗೆಯನ್ನೇ ತರಬೇಕು, ಎತ್ತರ ಅಳೆಯಬೇಕಾಗಿದೆ. ಕಮಾನೇ ಆಗಬೇಕೆನ್ನುವವರೂ ದಯಮಾಡಿ ಬರಬೇಕು.