ಗುಡಿ ದಡ ಸೇರಿತು, ಊರು ಮುಳುಗಿತು

ಈಜಿಪ್ಟ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಪಿರಮಿಡ್ಡು. ಆದರೆ ಪಿರಮಿಡ್ಡು ಸತ್ತ ಅರಸನ ಮನೆ. ಆ ಜನ ದೇವರೊಡನೆ ಹೇಗೆ ಬಾಳಿದರೆಂದು ತಿಳಿಯಬೇಕಾದರೆ ನೈಲ್ ನದಿಯ ದಂಡೆ ಹಿಡಿದು ದಕ್ಷಿಣಕ್ಕೆ, ಲಕ್ಸರ್, ಎಡ್ಫು, ಅಸ್ವಾನ್‌ಗಳ ಕಡೆಗೆ ಹೋಗಬೇಕು. ಇಲ್ಲಿ ಕುಳಿತವರಲ್ಲಿ ಯಾರಾದರೂ ಹಾಗೆ ಹೊರಡುವವರಿದ್ದರೆ, ಮೊದಲು ಎಡ್ಫುವಿಗೆ ಹೋಗಿ ಎನ್ನುತ್ತೇನೆ. ಕಾರ್ನಾಕ್ ದೊಡ್ಡದು ನಿಜ, ಅದರ ಒಂದು ಮಂಟಪದಲ್ಲೇ 134 ಕಂಬಗಳಿವೆ. ಆದರೆ ಹಲವು ಅರಸರು ಕಟ್ಟಿ, ಕೆಡವಿ, ಸೇರಿಸಿದ ಆ ಜಾಗದಲ್ಲಿ ಹೊಸಬರಿಗೆ ತಲೆ ಬುಡ ತಿಳಿಯುವುದಿಲ್ಲ.

ಎಡ್ಫುವಿನ ಹೋರಸ್ ದೇವರ ಗುಡಿ ಹೆಚ್ಚುಕಡಿಮೆ ಇಡಿಯಾಗಿ ಉಳಿದಿದೆ. ಗ್ರೀಕ್ ಮೂಲದ ಟಾಲೆಮಿ ಅರಸರು ಕ್ರಿ.ಪೂ. 237ರಲ್ಲಿ ಆರಂಭಿಸಿದ ಕೆಲಸ ಕ್ರಿ.ಪೂ. 57ರಲ್ಲಿ ಮುಗಿಯಿತು. ಗೋಪುರದಂಥ ಎರಡು ಭಾರೀ ಗೋಡೆಗಳ ನಡುವಿನಿಂದ ಒಳಹೊಕ್ಕರೆ ಬಿಸಿಲು ತುಂಬಿದ ಅಂಗಳ. ಅದರಾಚೆ ಕಂಬಗಳ ಮಂಟಪ. ಆಮೇಲೆ ಇನ್ನೂ ಚಿಕ್ಕದೊಂದು. ಹೆಜ್ಜೆಹೆಜ್ಜೆಗೂ ನೆಲ ಏರುತ್ತದೆ, ಮಾಡು ತಗ್ಗುತ್ತದೆ, ಬೆಳಕು ಸಣ್ಣಗಾಗುತ್ತದೆ. ಕೊನೆಗೆ ಕತ್ತಲೆಯ ಗರ್ಭಗುಡಿ. ಸಾಮಾನ್ಯ ರೈತನಿಗೆ ಅಲ್ಲಿಗೆ ಪ್ರವೇಶವಿರಲಿಲ್ಲ. ಹಬ್ಬದ ದಿನ ಪುರೋಹಿತರು ದೇವರನ್ನು ದೋಣಿಯಾಕಾರದ ಪಲ್ಲಕ್ಕಿಯಲ್ಲಿ ಹೊತ್ತು ಹೊರತಂದಾಗ ಕಂಡದ್ದೇ ಭಾಗ್ಯ. ಇಂದು ಚೀಟಿ ಕೊಂಡ ಯಾರಾದರೂ ನೇರವಾಗಿ ಒಳಗೆ ಹೋಗಿ ನಿಲ್ಲಬಹುದು. ಹೆಚ್ಚಿನವರು ಒಂದು ಫೋಟೋ ತೆಗೆದು ಹೊರಟುಬಿಡುತ್ತಾರೆ! ಕಣ್ಣು ಕತ್ತಲೆಗೆ ಒಗ್ಗುವವರೆಗಾದರೂ ನಿಲ್ಲಬೇಕು.

ಗೋಡೆಗಳ ಮೇಲೆ ಅನೇಕ ದೇವರ ಮುಖಗಳನ್ನು ಉಳಿಯಿಂದ ಕೆತ್ತಿ ಕೆಡಿಸಲಾಗಿದೆ. ಹಳೆಯ ಧರ್ಮ ಸೋತ ಮೇಲಿನ ಕೆಲಸ ಅದು. ಆಮೇಲೆ ಮರಳು ತುಂಬಿತು, ಮಾಡಿನ ಮೇಲೆ ಜನ ಮನೆ ಕಟ್ಟಿದರು. 1860ರ ಸುಮಾರಿಗೆ ಫ್ರೆಂಚ್ ಪುರಾತತ್ವಜ್ಞ ಮಾರಿಯೆಟ್ ಅದನ್ನೆಲ್ಲ ತೆರವು ಮಾಡಿಸಿದ. ಹೂತುಹೋದದ್ದೇ ಗುಡಿಯನ್ನು ಕಾಪಾಡಿತು.

ಆ ಸೋಲಿನ ಕೊನೆಯ ಹೊತ್ತನ್ನು ನೋಡಬೇಕಾದರೆ ಅಸ್ವಾನ್ ಬಳಿಯ ಫಿಲೇಗೆ ಬರಬೇಕು. ಇದು ಐಸಿಸ್ ದೇವಿಯ ದ್ವೀಪ. ನಮಗೆ ತಿಳಿದಿರುವ ಕಟ್ಟಕಡೆಯ ಚಿತ್ರಲಿಪಿ ಶಾಸನವನ್ನು ಇಲ್ಲಿ ಕೆತ್ತಿದ್ದು ಕ್ರಿ.ಶ. 394ರ ಆಗಸ್ಟ್ 24ರಂದು. ಮೂರು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬಳಸಿದ ಲಿಪಿ ಅಲ್ಲಿಗೆ ನಿಂತಿತು. ಆರನೆಯ ಶತಮಾನದಲ್ಲಿ ಗುಡಿಯ ಮಂಟಪವೇ ಚರ್ಚ್ ಆಯಿತು. ಕಂಬಗಳ ಮೇಲಿನ ಶಿಲುಬೆಗಳು ಈಗಲೂ ಇವೆ.

1902ರಲ್ಲಿ ಅಸ್ವಾನ್ ಅಣೆಕಟ್ಟು ಬಂದಾಗ ಫಿಲೇ ವರ್ಷದ ಬಹುಪಾಲು ನೀರಿನಲ್ಲಿ ನಿಲ್ಲತೊಡಗಿತು. ಪ್ರವಾಸಿಗರು ಕಂಬಗಳ ನಡುವೆ ದೋಣಿಯಲ್ಲಿ ತಿರುಗಾಡಿದರು. ಸಾವಿರಾರು ವರ್ಷ ಉಳಿದಿದ್ದ ಬಣ್ಣ ತೊಳೆದುಹೋಯಿತು. ಮುಂದೆ ಇನ್ನೂ ದೊಡ್ಡ ಅಣೆಕಟ್ಟು ಏಳುವಾಗ ಯುನೆಸ್ಕೋ 1960ರಲ್ಲಿ ಜಗತ್ತಿಗೆ ಕರೆ ಕೊಟ್ಟಿತು. ನಮ್ಮ ದೇಶದ ಪುರಾತತ್ವ ಇಲಾಖೆಯೂ ಬಿ.ಬಿ. ಲಾಲ್ ನೇತೃತ್ವದಲ್ಲಿ ಅಲ್ಲಿ ಉತ್ಖನನ ನಡೆಸಿತು. 1964ರಿಂದ 1968ರವರೆಗೆ ಅಬು ಸಿಂಬೆಲ್‌ನ ಬಂಡೆಗುಡಿಗಳನ್ನು ಕತ್ತರಿಸಿ ಸುಮಾರು 65 ಮೀಟರ್ ಮೇಲಕ್ಕೆ ಸಾಗಿಸಿದರು. ಫಿಲೇಯ ಸುತ್ತ ತಡೆಗೋಡೆ ಕಟ್ಟಿ, ನೀರು ಬಸಿದು, ಸುಮಾರು ನಲವತ್ತು ಸಾವಿರ ಕಲ್ಲುಗಳನ್ನು ಬಿಚ್ಚಿ ಪಕ್ಕದ ಅಗಿಲ್ಕಿಯಾ ದ್ವೀಪದಲ್ಲಿ ಮತ್ತೆ ಜೋಡಿಸಿದರು. 1980ರಲ್ಲಿ ಅದು ಜನರಿಗೆ ತೆರೆಯಿತು.

ಮಾರ್ಗದರ್ಶಿಗಳು ಇಷ್ಟನ್ನು ಹೆಮ್ಮೆಯಿಂದ ಹೇಳುತ್ತಾರೆ, ಹೇಳಬೇಕಾದ್ದೇ. ಆದರೆ ಅದೇ ನೀರಿಗೆ ನೂಬಿಯ ಜನರ ಹಳ್ಳಿಗಳೂ ಮುಳುಗಿದವು. ಈಜಿಪ್ಟಿನ ಕಡೆಯಲ್ಲೇ ಸುಮಾರು ಐವತ್ತು ಸಾವಿರ ಮಂದಿಯನ್ನು 1963–64ರಲ್ಲಿ ಎಬ್ಬಿಸಿ, ಕೋಮ್ ಓಂಬೋ ಬಳಿ ನದಿಯಿಂದ ದೂರದ ಕಾಲೊನಿಗಳಿಗೆ ಸಾಗಿಸಿದರು. ಅವರ ಮನೆ, ಖರ್ಜೂರದ ತೋಟ, ಹಿರಿಯರ ಗೋರಿಗಳನ್ನು ಕಲ್ಲಿನಂತೆ ನಂಬರು ಹಾಕಿ ಬಿಚ್ಚಿಡಲು ಯಾರೂ ಬರಲಿಲ್ಲ. ನಿಮ್ಮನ್ನು ಫಿಲೇಗೆ ದಾಟಿಸುವ ದೋಣಿಯವರಲ್ಲಿ ನೂಬಿಯದವರು ಅನೇಕರು. ಹಿಂತಿರುಗುವಾಗ, ಅಸ್ವಾನ್‌ನಲ್ಲಿ 1997ರಲ್ಲಿ ತೆರೆದ ನೂಬಿಯ ವಸ್ತುಸಂಗ್ರಹಾಲಯಕ್ಕೂ ಅರ್ಧ ದಿನ ಇಟ್ಟುಕೊಳ್ಳಿ. ಆ ಮುಳುಗಿದ ಊರುಗಳ ಬದುಕು ಹೇಗಿತ್ತೆಂದು ಅಲ್ಲಿ ಸ್ವಲ್ಪವಾದರೂ ಕಾಣಸಿಗುತ್ತದೆ.