ಮೂರು ಸಿನಿಮಾ, ಒಂದು ಫೈಲು



ಹತ್ತು ದಿನ ಎಲ್ಲಿ ಹೋಗಿದ್ರಿ ಅಂತ ತುಂಬಾ ಜನ ಕೇಳಿದ್ದೀರಿ. ಎಲ್ಲೂ ಹೋಗಿರಲಿಲ್ಲ. ಮನೆಯ ಮೆಟ್ಟಿಲು ಇಳಿಯುವಾಗ ಕಾಲು ಉಳುಕಿತು. ಡಾಕ್ಟರು ಪಟ್ಟಿ ಸುತ್ತಿ, ಕಾಲು ನೆಲಕ್ಕೆ ಊರಬೇಡಿ ಅಂದರು. ನನ್ನನ್ನು ನೋಡಿಕೊಳ್ಳೋದಕ್ಕೆ ಊರಿಂದ ಅಪ್ಪ, ಅಮ್ಮ ಬಂದರು. ಅಮ್ಮ ಬಂದ ಮೊದಲ ದಿನವೇ ಒಂದು ಆರ್ಡರ್ ಪಾಸ್ ಮಾಡಿದರು. ಮನೆಯಲ್ಲಿ ನ್ಯೂಸ್ ಹಾಕೋ ಹಾಗಿಲ್ಲ. ನನ್ನ ಚಾನೆಲ್ಲೂ ಸೇರಿ!

ಹಾಗಾಗಿ ಸಿನಿಮಾ ನೋಡಿದೆವು. ಹತ್ತು ದಿನದಲ್ಲಿ ಏಳೆಂಟು ಆಗಿರಬೇಕು. ಅದರಲ್ಲಿ ಮೂರು ಸಿನಿಮಾ ಇನ್ನೂ ತಲೆಯಿಂದ ಇಳಿದಿಲ್ಲ. ಇವತ್ತು ಆ ಮೂರರ ಬಗ್ಗೆಯೇ ಮಾತಾಡ್ತೀನಿ.

ಮೊದಲನೆಯದು ಅಮ್ಮ ಕೇಳಿದ್ದು, 'ತಿಥಿ'. 2016ರಲ್ಲಿ ನಮ್ಮ ಥಿಯೇಟರ್‌ಗಳಿಗೆ ಬಂತು, ಅದಕ್ಕೂ ಮೊದಲೇ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತ್ತು. ನಿರ್ದೇಶಕ ರಾಮ್ ರೆಡ್ಡಿ, ಜೊತೆಗೆ ಕೂತು ಬರೆದವರು ಈರೇಗೌಡ. ನಟಿಸಿದವರು ಮಂಡ್ಯ ಕಡೆಯ ಹಳ್ಳಿ ಜನ, ಮೊದಲು ಕ್ಯಾಮೆರಾ ಮುಂದೆ ನಿಂತವರಲ್ಲ. 101 ವರ್ಷದ ಸೆಂಚುರಿ ಗೌಡ ಸಾಯ್ತಾನೆ, ಹನ್ನೊಂದನೇ ದಿನದ ತಿಥಿಯ ತಯಾರಿ ಶುರುವಾಗುತ್ತೆ. ಅಷ್ಟೇ ಕತೆ. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನೂ ನಕ್ಕೆ. ಆದರೆ ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು. ಜಮೀನು ಅಪ್ಪ ಗಡ್ಡಪ್ಪನ ಹೆಸರಿಗೆ ಬರಬೇಕು. ಗಡ್ಡಪ್ಪನಿಗೆ ಅದರ ಗೊಡವೆಯೇ ಬೇಡ, ಬಾಟಲಿ ಸಿಕ್ಕರೆ ಸಾಕು, ಊರೂರು ತಿರುಗುತ್ತಾನೆ. ಆಗ ತಮ್ಮಣ್ಣ ಏನು ಮಾಡ್ತಾನೆ? ಬದುಕಿರೋ ಅಪ್ಪನಿಗೇ ಡೆತ್ ಸರ್ಟಿಫಿಕೇಟ್ ಮಾಡಿಸ್ತಾನೆ! ಮನುಷ್ಯ ಕಣ್ಣೆದುರೇ ಓಡಾಡ್ತಿದ್ದಾನೆ. ಕಾಗದದಲ್ಲಿ ಸತ್ತಿದ್ದಾನೆ. ಇಷ್ಟು ಹೊತ್ತು ನಗುತ್ತಿದ್ದ ಅಪ್ಪ ಇಲ್ಲಿ ಮಾತ್ರ ನಗಲಿಲ್ಲ. "ಆಗುತ್ತೆ ಕಣೋ, ಇಂಥದ್ದೂ ಆಗುತ್ತೆ" ಅಂದರು.

ಅಪ್ಪ ಮೂವತ್ತೈದು ವರ್ಷ ಸರ್ಕಾರಿ ನೌಕರಿ ಮಾಡಿದವರು. ದ್ವಿತೀಯ ದರ್ಜೆ ಗುಮಾಸ್ತರಾಗಿ ಸೇರಿ, ಪ್ರಥಮ ದರ್ಜೆಯಲ್ಲಿ ನಿವೃತ್ತರಾದರು.

ಎರಡನೆಯದು 'ಆಕ್ಟ್ 1978'. ಮಂಸೋರೆ ನಿರ್ದೇಶನ. 2020ರಲ್ಲಿ ಲಾಕ್‌ಡೌನ್ ಮುಗಿದು ಥಿಯೇಟರ್ ಬಾಗಿಲು ತೆರೆದಾಗ ಧೈರ್ಯ ಮಾಡಿ ಬಂದ ಸಿನಿಮಾ. ಯಜ್ಞಾ ಶೆಟ್ಟಿ ಮಾಡಿರುವ ಗೀತಾ ತುಂಬು ಗರ್ಭಿಣಿ. ಕಚೇರಿಗೆ ಅಲೆದು ಅಲೆದು ಸಾಕಾಗಿ, ಒಂದು ದಿನ ಮೈಗೆ ಬಾಂಬ್ ಕಟ್ಟಿಕೊಂಡು ಬಂದು ಇಡೀ ಕಚೇರಿಯನ್ನೇ ಒತ್ತೆ ಇಟ್ಟುಕೊಳ್ಳುತ್ತಾಳೆ. ನನ್ನ ಅಭಿಪ್ರಾಯ ಕೇಳಿದರೆ, ಕೊನೆಕೊನೆಗೆ ಭಾಷಣ ಸ್ವಲ್ಪ ಜಾಸ್ತಿ ಆಯ್ತು. ಆದರೆ ಆಕೆಯ ಮುಖದ ಸುಸ್ತು ಇದೆಯಲ್ಲ, ಅದು ನಟನೆ ಅನ್ನಿಸಲಿಲ್ಲ. ಬಾಂಬ್ ಹಿಡಿದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೂ ಒಳಗಿನಿಂದ ಯಾರೋ "ಸರಿಯಾಗಿ ಮಾಡಿದಳು" ಅಂದ ಹಾಗಾಯ್ತು. ನಿಮಗೂ ಹಾಗೇ ಆಗಿದ್ದರೆ ಅದು ಸಿನಿಮಾದ ಚಮತ್ಕಾರ ಅಲ್ಲ ವೀಕ್ಷಕರೇ, ನಾವೆಲ್ಲ ಯಾವುದಾದರೂ ಒಂದು ಕಚೇರಿಯ ಬೆಂಚಿನ ಮೇಲೆ ಕೂತು ಎದ್ದವರೇ.

ಮೂರನೆಯದನ್ನು ಅಪ್ಪನೇ ಹುಡುಕಿ ಹಾಕು ಅಂದರು. 'ತಬರನ ಕಥೆ'. ಪೂರ್ಣಚಂದ್ರ ತೇಜಸ್ವಿ ಅವರ ಕತೆ, ಗಿರೀಶ್ ಕಾಸರವಳ್ಳಿ ಅವರ ನಿರ್ದೇಶನ. 1986ರ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು, ತಬರ ಶೆಟ್ಟಿ ಪಾತ್ರ ಮಾಡಿದ ಚಾರುಹಾಸನ್ ಅವರಿಗೂ ಬಂತು. ಸರ್ಕಾರ ಅಂದರೆ ದೇವರು ಅಂತ ನಂಬಿದ್ದ ಒಬ್ಬ ಜವಾನ. ನಿವೃತ್ತಿ ಆದಮೇಲೆ ಪಿಂಚಣಿಗೆ ಅಲೀತಾನೆ. ಮನೆಯಲ್ಲಿ ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೀತಾ ಹೋಗುತ್ತೆ. ಔಷಧಿಗೆ ದುಡ್ಡಿಲ್ಲ. ಇವನು ಟೇಬಲ್ಲಿಂದ ಟೇಬಲ್ಲಿಗೆ ಹೋಗ್ತಾನೇ ಇರ್ತಾನೆ. ಕೊನೆಗೆ ಹೆಂಡತಿ ಉಳಿಯೋದಿಲ್ಲ. ತಬರನ ಬುದ್ಧಿಯೂ ಉಳಿಯೋದಿಲ್ಲ. ನಿಧಾನದ ಸಿನಿಮಾ, ಆದರೆ ನಡುವೆ ಒಂದು ಸಲವೂ ನಾನು ಫೋನ್ ಮುಟ್ಟಲಿಲ್ಲ.

ಸಿನಿಮಾ ಮುಗಿಯಿತು. ಅಮ್ಮ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರು. ಅಪ್ಪ ಎದ್ದೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರಾಗಿಯೇ ಶುರು ಮಾಡಿದರು.

"ನಾನು ಒಂದು ರೂಪಾಯಿ ಲಂಚ ಮುಟ್ಟಿಲ್ಲ, ನಿನಗೆ ಗೊತ್ತು. ಆದ್ರೆ ಒಬ್ಬ ಹೆಣ್ಣುಮಗಳು ಬರೋಳು. ಗಂಡ ಸತ್ತಿದ್ದ. ಫ್ಯಾಮಿಲಿ ಪೆನ್ಷನ್ ಫೈಲು. ಮೊದಲನೇ ಸಲ ಬಂದಾಗ ಒಂದು ದಾಖಲೆ ಇಲ್ಲ ಅಂದೆ. ತಂದಳು. ಎರಡನೇ ಸಲ ಹೆಸರಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಇದೆ ಅಂದೆ. ಸರಿ ಮಾಡಿಸಿಕೊಂಡು ಬಂದಳು. ಮೂರನೇ ಸಲ ಇನ್ನೊಂದು. ಮೊದಲನೇ ದಿನವೇ ಮೂರನ್ನೂ ಒಂದೇ ಚೀಟಿಯಲ್ಲಿ ಬರೆದುಕೊಡಬಹುದಿತ್ತು ಕಣೋ. ಕೊಡಲಿಲ್ಲ."

"ಯಾಕಪ್ಪ?" ಅಂದೆ.

"ಯಾಕೆ ಅಂದ್ರೆ ಏನು ಹೇಳ್ಲಿ? ನಮ್ಮಲ್ಲಿ ಹಾಗೇ ಮಾಡ್ತಿದ್ರು. ನಾನೂ ಹಾಗೇ ಕಲಿತೆ. ಒಂದು ತಕರಾರು ಕಂಡರೆ ಬರೆದು ವಾಪಸ್ ಕಳಿಸಿಬಿಡೋದು, ಮುಂದಿನ ಹಾಳೆ ತಿರುಗಿಸೋದೇ ಇಲ್ಲ. ಎಂಟು ತಿಂಗಳು ಓಡಾಡಿದಳು. ಪ್ರತಿ ಸಲ ಬಂದಾಗಲೂ ನನಗೇ ಕೈ ಮುಗಿದು ಹೋಗೋಳು."

ಆಮೇಲೆ ಮೆಲ್ಲಗೆ ಅಂದರು: "ನನ್ನ ಪೆನ್ಷನ್ ಮಾತ್ರ ಬೇಗ ಬಂತು. ಯಾವ ಟೇಬಲ್ ಹತ್ರ ಹೋಗಬೇಕು ಅಂತ ನನಗೆ ಗೊತ್ತಿತ್ತಲ್ಲ."

ವೀಕ್ಷಕರೇ, ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಅಲ್ಲಿ ಟಾಲರೆನ್ಸ್ ಅಂತ ಒಂದು ಪಾಠ ಇದೆ. ಒಂದು ಬಿಲ್ಲೆ ಅಳತೆಗಿಂತ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪ ಇದ್ದರೂ ಪಾಸ್ ಅಂತ ಇಟ್ಟುಕೊಳ್ಳಿ. ಅಂಥ ಹತ್ತು ಬಿಲ್ಲೆ ಒಂದರ ಮೇಲೊಂದು ಪೇರಿಸಿದರೆ ಪೂರ್ತಿ ಒಂದು ಮಿಲಿಮೀಟರ್ ಹೆಚ್ಚಾಗುತ್ತೆ. ಪೆಟ್ಟಿಗೆ ಒಳಗೆ ಹೋಗೋದಿಲ್ಲ. ಯಂತ್ರ ನಿಂತುಬಿಡುತ್ತೆ. ಬಿಚ್ಚಿ ನೋಡಿದರೆ ಒಂದು ಬಿಲ್ಲೆಯೂ ಫೇಲ್ ಅಲ್ಲ! ಎಲ್ಲಾ ರೂಲ್ಸ್ ಪ್ರಕಾರವೇ ಇದೆ.

ತಬರನನ್ನು ಕೊಂದದ್ದು ಇದೇ. ಆ ಸಿನಿಮಾದಲ್ಲಿ ವಿಲನ್ ಯಾರು ಅಂತ ಹುಡುಕಿ, ಕೊರಳಪಟ್ಟಿ ಹಿಡಿಯೋದಕ್ಕೆ ಒಬ್ಬನೂ ಸಿಗೋದಿಲ್ಲ. ಲಂಚ ತಗೊಳ್ಳೋನನ್ನು ಲೋಕಾಯುಕ್ತರು ಹಿಡಿಯಬಹುದು. ಲಂಚ ತಗೊಳ್ಳದೆ, "ನಾಳೆ ಬನ್ನಿ" ಅಂತ ಮರ್ಯಾದೆಯಿಂದ ಹೇಳೋನನ್ನು ಹಿಡಿಯೋದು ಹೇಗೆ? ತಬರನಿಂದ ಗೀತಾವರೆಗೆ 34 ವರ್ಷ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಬೆಂಚು ಮಾತ್ರ ಅಲ್ಲೇ ಇದೆ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. 2011ರಲ್ಲಿ ನಮ್ಮ ರಾಜ್ಯ ನಾಗರಿಕರಿಗೆ ಸೇವೆಗಳ ಖಾತರಿ ಕಾಯ್ದೆ ಮಾಡಿತು. ನಾವೆಲ್ಲ ಸಕಾಲ ಅನ್ನೋದು ಅದನ್ನೇ. ಆ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟರೆ ನಂಬರ್ ಇರುವ ಸ್ವೀಕೃತಿ ಚೀಟಿ ಕೊಡಬೇಕು. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. 20 ರೂಪಾಯಿಗೆ ಏನು ಬರುತ್ತೆ ಅಂತ ನಗಬೇಡಿ. ದೊಡ್ಡ ಮಾತು ದುಡ್ಡಲ್ಲ. ತಡ ಮಾಡಿದ್ದು ಯಾವ ಟೇಬಲ್ ಅಂತ ಆಗ ಬರೆದಿಡಬೇಕಾಗುತ್ತೆ. ಯಾರ ತಪ್ಪೂ ಅಲ್ಲ ಅನ್ನೋ ಆಟ ಅಲ್ಲಿಗೆ ಮುಗೀತು. ನಮ್ಮಲ್ಲಿ ಎಷ್ಟು ಜನ ಆ ಚೀಟಿ ಕೇಳಿ ಪಡೀತೀವಿ? ಹೋಗಲಿ, ಕೊಟ್ಟರೆ ಎಷ್ಟು ಜನ ಜೋಪಾನವಾಗಿ ಇಟ್ಟುಕೊಳ್ತೀವಿ?

ಕೊನೆಯ ಮಾತು, ಇದು ನನ್ನ ಬಗ್ಗೆ. 'ಆಕ್ಟ್ 1978' ನೋಡ್ತಾ ನೋಡ್ತಾ ನನಗೆ ಒಂದು ಯೋಚನೆ ಬಂತು. ಇದು ನಿಜವಾಗಿ ನಡೆದಿದ್ದರೆ ನಾನು ಆ ಕಚೇರಿ ಮುಂದೆ ಲೈವ್ ವ್ಯಾನ್ ನಿಲ್ಲಿಸಿ, ಬೆಳಗ್ಗೆಯಿಂದ ರಾತ್ರಿವರೆಗೂ ಕೂಗುತ್ತಿದ್ದೆ. ಸರಿ, ಬಾಂಬ್ ಕಟ್ಟಿಕೊಳ್ಳೋದಕ್ಕೆ ಮೊದಲು ಆಕೆ ನನಗೆ ಫೋನ್ ಮಾಡಿದ್ದರೆ?

ಈ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಕಳೆದ ವರ್ಷ ನಿವೃತ್ತ ಮೇಷ್ಟ್ರೊಬ್ಬರು ನನಗೆ ಫೋನ್ ಮಾಡಿದ್ದರು. ಬಾಕಿ ಹಣ ಬಂದಿಲ್ಲ, ಅಲೆದು ಸಾಕಾಗಿದೆ ಅಂದರು. ವಿಷುವಲ್ ಏನಾದರೂ ಇದೆಯಾ ಸರ್ ಅಂದೆ. ಅವರಿಗೆ ಅರ್ಥ ಆಗಲಿಲ್ಲ. ನೋಡೋಣ, ಮುಂದಿನ ವಾರ ಮಾಡಿ ಅಂದೆ. ಮುಂದಿನ ವಾರ ಮಾಡಿದರು. ಮೀಟಿಂಗ್‌ನಲ್ಲಿದ್ದೀನಿ ಅಂದೆ. ಮೂರನೇ ಸಲ ಅವರ ಫೋನ್ ಬರಲಿಲ್ಲ.

ಅಪ್ಪನ ಮುಂದೆ ಇದನ್ನು ಹೇಳಿದೆ. ಅವರು ಬೈಯಲಿಲ್ಲ. "ನಂಬರ್ ಇದ್ಯಾ?" ಅಂತ ಅಷ್ಟೇ ಕೇಳಿದರು. ಹುಡುಕಿದೆ, ಇತ್ತು. ಮಾಡಿದೆ. ಮಗಳು ಎತ್ತಿದರು. ಮೇಷ್ಟ್ರು ಇದ್ದಾರೆ, ಆರೋಗ್ಯವಾಗಿದ್ದಾರೆ. ಹಣ ಇನ್ನೂ ಬಂದಿಲ್ಲ.

ಸೋಮವಾರದಿಂದ ಈ ಕಾರ್ಯಕ್ರಮದಲ್ಲಿ ದಿನಕ್ಕೊಂದು ಫೈಲು ತಗೊಳ್ತೀನಿ. ಬಾಂಬ್ ಬೇಡ, ವಿಷುವಲ್ಲೂ ಬೇಡ. ಮೊದಲ ಫೈಲು ಮೇಷ್ಟ್ರದ್ದು.