ಒಂದೇ ಮುದ್ದೆಗೆ ಎಸರಿಡುವವರು



ಒಂದೇ ಒಂದು ಮುದ್ದೆಗೆ ಎಸರಿಡಲು ಯಾರಿಗೂ ಮನಸ್ಸು ಬರುವುದಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಒಬ್ಬರೇ ಇರುವ ಅಜ್ಜಿಯರ ಅಡುಗೆಮನೆ ನೋಡಿ. ಬೆಳಿಗ್ಗೆ ತಿರುವಿದ ಮುದ್ದೆಯಲ್ಲಿ ಅರ್ಧ ರಾತ್ರಿಗೆ ಉಳಿದಿರುತ್ತದೆ. ಸಾರಿಲ್ಲ, ಮಜ್ಜಿಗೆಯೋ ಉಪ್ಪಿನಕಾಯಿಯೋ ಸಾಕು. ಕೆಲವು ದಿನ ಟೀ, ಬನ್ನಿನಲ್ಲೇ ಮುಗಿಯುತ್ತದೆ. ಉಂಡಿಲ್ಲವೆಂದು ಸಕ್ಕರೆ ಕಾಯಿಲೆಯ ಮಾತ್ರೆ ಬಿಡುವವರಿದ್ದಾರೆ. ಉಣ್ಣದೆಯೇ ನುಂಗಿ ತಲೆ ಸುತ್ತಿ ಬೀಳುವವರೂ ಇದ್ದಾರೆ. ಆಸ್ಪತ್ರೆ ಚೀಟಿಯಲ್ಲಿ ಬಿ.ಪಿ., ಶುಗರ್ ಬರೆದಿರುತ್ತದೆ. ಜೊತೆಗೆ ಕೂತು ಉಣ್ಣುವವರಿಲ್ಲ ಅನ್ನುವುದು ಅದರಲ್ಲಿರುವುದಿಲ್ಲ.

ಊರು ಬಿಟ್ಟು ಹೋದ ಮಕ್ಕಳನ್ನು ದೂರಿ ಏನು ಬಂತು? ಬರದ ಸೀಮೆ ಇದು. ಕಡಲೆಕಾಯಿ ಕೈಕೊಟ್ಟ ವರ್ಷ ಬೆಂಗಳೂರಿನ ಬಸ್ಸು ಹತ್ತದೆ ವಿಧಿಯಿಲ್ಲ. ಪಾವಗಡದ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆ ಸೋಲಾರ್ ಪಾರ್ಕಿಗೆ ಹೋಗಿದೆ. ಜಮೀನು ಗುತ್ತಿಗೆ ಕೊಟ್ಟವರಿಗೆ ದುಡ್ಡು ಬರುತ್ತದೆ, ಒಳ್ಳೆಯದೇ. ಆದರೆ ಬೆಳೆಯಿದ್ದ ಕಾಲದಲ್ಲಿ ವಯಸ್ಸಾದವರಿಗೂ ತಮ್ಮ ಪಾಲಿನ ಕೆಲಸವಿತ್ತು: ಹಕ್ಕಿ ಓಡಿಸುವುದು, ಕಡಲೆಕಾಯಿ ಬಿಡಿಸುವುದು, ಬೇಸಿಗೆಯಲ್ಲಿ ಜಗಲಿ ಮೇಲೆ ಗುಂಪಾಗಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುವುದು. ಕೈ ಹುಣಸೆಯಲ್ಲಿ, ಬಾಯಿ ಊರ ಸುದ್ದಿಯಲ್ಲಿ. ಯಾರಿಗೆ ಕಾಲು ಊದಿದೆ, ಯಾರ ಕೆಮ್ಮು ನಿಂತಿಲ್ಲ, ಯಾರು ಎರಡು ದಿನದಿಂದ ಕಾಣಿಸಿಲ್ಲ, ಎಲ್ಲ ಅಲ್ಲೇ ಗೊತ್ತಾಗುತ್ತಿತ್ತು. ಕೆಲಸ ಕಡಿಮೆಯಾದ ಕಡೆ ಈ ವಿಚಾರಣೆಯೂ ಕಡಿಮೆಯಾಯಿತು. ಫ್ಲೋರೈಡ್ ನೀರು ಕುಡಿದು ಮಂಡಿ, ಬೆನ್ನು ಬಿಗಿದುಕೊಂಡವರಿಗಂತೂ ನಾಲ್ಕು ಮನೆ ದಾಟುವುದೇ ದೊಡ್ಡ ಪಯಣ.

ಒಂಟಿತನ ಬರೀ ಮನಸ್ಸಿನ ಸಂಕಟವಲ್ಲ. 2010ರಲ್ಲಿ ಅಮೆರಿಕದ ಜೂಲಿಯನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಜೊತೆಗಾರರು 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಹೆಚ್ಚು ಜನರ ವಿವರವನ್ನು ಒಟ್ಟಿಗೆ ನೋಡಿದರು. ನಂಟು, ಸ್ನೇಹ ಗಟ್ಟಿಯಾಗಿದ್ದವರು ಬದುಕುಳಿಯುವ ಸಾಧ್ಯತೆ ಉಳಿದವರಿಗಿಂತ ಶೇಕಡ 50ರಷ್ಟು ಹೆಚ್ಚಿತ್ತು.

ಮನೆಯಿಂದ ಹೊರಬಂದು ನಾಲ್ಕು ಜನರ ಜೊತೆ ಬೆರೆಯಲು ಹೆಂಗಸರಿಗೆ ಈಗ ಒಂದು ದಾರಿಯಿದೆ: 2023ರ ಜೂನ್ 11ರಂದು ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾಯಿತು. ಗೊರವನಹಳ್ಳಿ ಲಕ್ಷ್ಮಿ ಗುಡಿಗೆ, ಪಾವಗಡದ ಶನಿಮಹಾತ್ಮನ ಗುಡಿಗೆ ಅಂತ ವಯಸ್ಸಾದ ಹೆಂಗಸರು ಟಿಕೆಟ್ಟಿನ ಚಿಂತೆಯಿಲ್ಲದೆ ಹೊರಡಬಹುದು. ಇದನ್ನು ಸುಮ್ಮನೆ ತಿರುಗಾಟ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ತಲೆ ಬಾಚಿ, ಒಳ್ಳೆ ಸೀರೆ ಉಟ್ಟು, ಜೊತೆಗಾರ್ತಿಯನ್ನು ಕರೆದುಕೊಂಡು ಹೊರಟ ದಿನ ಅಜ್ಜಿ ಹೊಟ್ಟೆ ತುಂಬ ಉಣ್ಣುತ್ತಾಳೆ. ಗಂಡಸರ ಪಾಡು ಇನ್ನೂ ಕಷ್ಟ. ಹೆಂಡತಿ ಹೋದ ಮೇಲೆ ಒಲೆ ಹಚ್ಚಲು ಬಾರದು, ಬೇರೆಯವರ ಮನೆಯಲ್ಲಿ ಉಣ್ಣಲು ಸಂಕೋಚ.

ಆ ಸಂಕೋಚ ಬಿಡಿಸಬೇಕಾದರೆ ಹಿರಿಯರಿಂದ ನಮಗೊಂದು ಸಹಾಯ ಆಗಬೇಕು ಅಂತ ನಾವೇ ಕೇಳಬೇಕು. ಬಾಳೆಹಣ್ಣು ಕೊಟ್ಟು “ಹೇಗಿದೀಯಜ್ಜಿ” ಅಂದು ಬರುವುದಕ್ಕಿಂತ, “ಉಪ್ಪಿನಕಾಯಿಗೆ ಉಪ್ಪು ಎಷ್ಟು ಹಾಕ್ಲಿ, ಬಂದು ನೋಡಜ್ಜಿ” ಅನ್ನಿ. “ತಾತ, ಅಂಗನವಾಡಿಯಿಂದ ಮಗೂನ ಕರ್ಕೊಂಡ್ ಬರ್ತೀಯಾ?” ಅನ್ನಿ. ಬಂದವರನ್ನು ಊಟಕ್ಕೆ ನಿಲ್ಲಿಸಿಕೊಳ್ಳಿ. ಬೆಳಿಗ್ಗೆ ಹತ್ತಾದರೂ ಪಕ್ಕದ ಮನೆ ಬಾಗಿಲು ತೆರೆದಿಲ್ಲವಾದರೆ ಹೋಗಿ ತಟ್ಟಿ. ಹುಷಾರಿಲ್ಲದಿದ್ದರೆ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ. ಹಿರಿಯರ ಸಹಾಯವಾಣಿ 14567, ಕರೆಗೆ ದುಡ್ಡಿಲ್ಲ. ಆ ನಂಬರನ್ನು ಅವರ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ.